ಸಾಲು ನಿಂತು ಸಾಲ ತಂದೆವು

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. 2025ರ ಸೆಪ್ಟೆಂಬರ್ 19, ಶುಕ್ರವಾರ, ಬೆಳಗಿನ ಐದೂವರೆಗೆ ಅರವತ್ತೆರಡು ವರ್ಷದ ನಾನು ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಸಾಲಿನಲ್ಲಿ ನಿಂತಿದ್ದೆ. ಐಫೋನ್ 17 ಅಂದು ಮೊದಲ ಸಲ ಅಂಗಡಿಗೆ ಬರುವುದಿತ್ತು. ಬೇಕಾಗಿದ್ದು ನನಗಲ್ಲ, ಅಕ್ಕನ ಮಗನಿಗೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದುತ್ತಾನೆ. ಭಾವನವರು ಹೆಸರುಕಾಳು ಮಾರಿದ 85 ಸಾವಿರ ರೂಪಾಯಿ ನನ್ನ ಅಂಗಿಯ ಒಳಜೇಬಿನಲ್ಲಿತ್ತು. ಕಂಪನಿ ಸಾರಿದ ಬೆಲೆ 82,900. ಲೆಕ್ಕ ಸರಿಯಾಗಿಯೇ ಇತ್ತು.

ಇಲ್ಲದಿದ್ದುದು ಬುಕಿಂಗ್ ಒಂದೇ. ಅದು ಒಂದು ವಾರ ಮೊದಲೇ, 12ರಂದು ತೆರೆದಿತ್ತು. ಹುಡುಗನಿಗೆ ಕಾರ್ಡ್ ಇಲ್ಲ, ನನಗೆ ಆ ವ್ಯವಹಾರ ತಿಳಿಯದು. "ಬೆಳಿಗ್ಗೆ ಲಗೂನ ಹೋದ್ರ ಸಿಗ್ತದ ಮಾಮಾ" ಅಂದ. ನಂಬಿದೆ.

ಎಂಟು ಗಂಟೆಗೆ ಬಾಗಿಲು ತೆರೆದಾಗ ಸಾಲು ಎರಡಾಯಿತು. ಬುಕಿಂಗ್ ಮಾಡಿದವರು ಬಲಕ್ಕೆ, ಮಾಡದವರು ಎಡಕ್ಕೆ. ಬಲಗಡೆಯವರು ಏಳೂವರೆಗೆ ಬಂದವರೂ ಒಳಗೆ ಹೋದರು. ಅವರಿಗೆ ಚಪ್ಪಾಳೆ, ಫೋಟೊ, ಪೇಢೆ. ಎಡಗಡೆಯ ನಾವು ಗಾಜಿನ ಹೊರಗಿನಿಂದ ನೋಡುತ್ತ ನಿಂತೆವು. ನಮ್ಮ ಪಾಳಿ ಬಂದಾಗ ಒಂಬತ್ತೂ ಮುಕ್ಕಾಲು. ಕೌಂಟರಿನ ಹುಡುಗ ತಲೆ ಎತ್ತದೆಯೇ ಹೇಳಿದ, "256 ಖಾಲಿ ಆತ್ರಿ. 512 ಐತಿ, ಒಂದು ಲಕ್ಷ ಎರಡು ಸಾವಿರದ ಒಂಬೈನೂರು. ಅದೂ ಕಿಟ್ ಜೋಡಿನ ಕೊಡ್ತೀವಿ." ಕಿಟ್ ಅಂದರೆ ಕವರು, ಚಾರ್ಜರು, ಗಾಜಿನ ಹಾಳೆ ಮತ್ತು ಒಂದು ವಿಮೆ, ಇನ್ನೂ ಏಳು ಸಾವಿರ ಚಿಲ್ಲರೆ. "ಕಿಟ್ ಬ್ಯಾಡಪಾ" ಅಂದೆ. "ಹಂಗಾದ್ರ ಮುಂದಿನವರನ್ನ ಬಿಡ್ರಿ ಯಜಮಾನ್ರ" ಅಂದ.

ಅಂಗಡಿಯ ಹೆಸರು ಬೇಡ. ಒಂದು ಅಂಗಡಿಯನ್ನು ಬೈದು ಮುಗಿಸುವ ಮಾತಲ್ಲ ಇದು.

ನಾನು ಜೀವಮಾನವೆಲ್ಲ ಚೌಕಾಸಿ ಮಾಡಿದವನು. ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಸಾವಿರ ಇಳಿಸಿದವನು. ಸಂತೆಯಲ್ಲಿ ದರ ಸರಿಬರದಿದ್ದರೆ ಎದ್ದು ಹೋಗುತ್ತೇನೆ, ಹತ್ತು ಹೆಜ್ಜೆ ಹೋಗುವುದರಲ್ಲಿ ಮಾರುವವನೇ ಕೂಗುತ್ತಾನೆ. ಇಲ್ಲಿ ಎದ್ದು ಹೋಗಲು ಕಾಲೇ ಬರಲಿಲ್ಲ. ನಾಲ್ಕು ತಾಸು ನಿಂತಿದ್ದೆವು. ಹಿಂದೆ ಮೂವತ್ತು ಜನ ಕಾಯುತ್ತಿದ್ದರು. ಹುಡುಗನ ಮುಖ ನೋಡಿದೆ. ಗೆಳೆಯರಿಗೆ ಆಗಲೇ ಹೇಳಿಕೊಂಡಿದ್ದ. ಬುಕಿಂಗ್ ಇಲ್ಲದೆ ಮೊದಲ ದಿನ ಹೋದವನು ಗಿರಾಕಿಯಲ್ಲ, ಅರ್ಜಿದಾರ. ನಾವು ನಿಂತ ಆ ನಾಲ್ಕು ತಾಸೇ ಅಂಗಡಿಯವನ ಪರವಾಗಿ ಮಾತಾಡುತ್ತಿದ್ದವು. ಕಡಿಮೆ ಬಿದ್ದ 25 ಸಾವಿರಕ್ಕೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ಸಾಲದ ಕಂಪನಿಯವನು ಆಧಾರ್, ಪ್ಯಾನ್ ಕೇಳಿದ. "ಬಡ್ಡಿ ಇಲ್ರಿ, ನೋ ಕಾಸ್ಟ್ ಇಎಂಐ" ಅಂದ. ಹನ್ನೆರಡು ಕಂತು. ಸಹಿ ನನ್ನದು.

ಬಡ್ಡಿ ಇಲ್ಲದ ಸಾಲದ ಬಗ್ಗೆ ಒಂದು ಮಾತು. 2013ರ ಸೆಪ್ಟೆಂಬರಿನಲ್ಲಿಯೇ ರಿಸರ್ವ್ ಬ್ಯಾಂಕು ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬ್ಯಾಂಕುಗಳು ಅದನ್ನು ಬೇರೆ ರೂಪದಲ್ಲಿ ಗಿರಾಕಿಯಿಂದ ವಸೂಲು ಮಾಡುತ್ತವೆ ಎಂದು ತಿಳಿಸಿತ್ತು. ನಗದು ಕೊಟ್ಟವನಿಗೆ ಸಿಗಬಹುದಾದ ರಿಯಾಯಿತಿಯನ್ನು ಹಿಡಿದುಕೊಂಡು ಬಡ್ಡಿಗೆ ಜಮಾ ಮಾಡುವುದು ಒಂದು ದಾರಿ. ಪ್ರೊಸೆಸಿಂಗ್ ಶುಲ್ಕ ಇನ್ನೊಂದು. ನನ್ನ ಕಾಗದದಲ್ಲಿ ಎರಡನೆಯದು ಸಣ್ಣ ಅಕ್ಷರದಲ್ಲಿತ್ತು, ಮನೆಗೆ ಬಂದು ಕನ್ನಡಕ ಹಾಕಿಕೊಂಡ ಮೇಲೆ ಕಂಡಿತು.

ಈಗ ನಮ್ಮ ತರುಣರು ನನ್ನ ಮೇಲೆ ಏರಿ ಬರುತ್ತಾರೆ, ಗೊತ್ತು. ಪಟ್ಟಣದ ಹುಡುಗ ಒಳ್ಳೆಯ ಫೋನು ಹಿಡಿಯಬಹುದು, ಒಕ್ಕಲಿಗನ ಮಗ ಹಿಡಿಯಬಾರದೇ? ಹಿಡಿಯಲಿ. ನಾನೇ ಈ ಲೇಖನವನ್ನು ಫೋನಿನಲ್ಲಿ ಕಳಿಸುತ್ತಿದ್ದೇನೆ. ನನ್ನ ತಕರಾರು ಫೋನಿನ ಮೇಲಲ್ಲ, ಆ ದಿನದ ಮೇಲೆ. ಆ ದಿನಕ್ಕೆ ಏನು ಬೆಲೆ ಕೊಡುತ್ತೇವೆಂದು ಹಿಂದಿನ ಕಥೆಗಳನ್ನಾದರೂ ಕೇಳಿರಿ. ಮೊಟ್ಟಮೊದಲ ಐಫೋನು 2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಜನ ರಾತ್ರಿಯೆಲ್ಲ ಸಾಲು ನಿಂತು 599 ಡಾಲರ್ ಕೊಟ್ಟರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅದೇ ಫೋನು 399 ಡಾಲರ್ ಆಯಿತು. ಗಲಾಟೆಯಾದ ಮೇಲೆ ಸ್ಟೀವ್ ಜಾಬ್ಸ್ ಮೊದಲು ಕೊಂಡವರಿಗೆ ನೂರು ಡಾಲರಿನ ಖರೀದಿ ಜಮೆ ಕೊಟ್ಟು ಸಮಾಧಾನ ಮಾಡಬೇಕಾಯಿತು. 2016ರ ಆಗಸ್ಟ್ 19ರಂದು ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗೆ ಬೆಂಕಿ ಹತ್ತತೊಡಗಿ, ಎರಡೇ ವಾರದಲ್ಲಿ ವಾಪಸು ಕರೆದರು. ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಮೊದಲು ಕೊಂಡವರ ಜೇಬೇ ಪ್ರಯೋಗಶಾಲೆ.

ಸಾಲಿನಲ್ಲಿ ನಿಂತವರೆಲ್ಲ ಕೊಳ್ಳುವವರೂ ಅಲ್ಲ. 2012ರ ಜನವರಿ 13ರಂದು ಬೀಜಿಂಗ್‌ನಲ್ಲಿ ಐಫೋನ್ 4ಎಸ್ ಮಾರಾಟದ ದಿನ, ದಲ್ಲಾಳಿಗಳು ಕೂಲಿ ಕೊಟ್ಟು ವಲಸೆ ಕಾರ್ಮಿಕರನ್ನು ಚಳಿಯಲ್ಲಿ ರಾತ್ರಿಯಿಡೀ ನಿಲ್ಲಿಸಿದ್ದರು. ಗದ್ದಲ ಹೆಚ್ಚಿ ಅಂಗಡಿ ಬಾಗಿಲೇ ತೆರೆಯಲಿಲ್ಲ, ಗಾಜಿಗೆ ಮೊಟ್ಟೆ ಬಿತ್ತು. ನಾವು ಹುಬ್ಬಳ್ಳಿಯಲ್ಲಿ ನಿಂತ ದಿನವೇ ಮುಂಬೈಯ ಬಿಕೆಸಿಯಲ್ಲಿ ಸಾಲಿನವರು ಕೈಕೈ ಮಿಲಾಯಿಸಿದರು. ಕಾಯ್ದಿರಿಸುವ ಪದ್ಧತಿ ಈ ಗದ್ದಲಕ್ಕೆ ಮದ್ದು ಎನ್ನುತ್ತಾರೆ, ಇರಬಹುದು. ಆದರೆ ಮದ್ದು ಕಾರ್ಡಿದ್ದವನಿಗೆ ಸಿಗುತ್ತದೆ, ನಗದು ಹಿಡಿದು ಬಂದವನಿಗೆ ಎಡಗಡೆಯ ಸಾಲು. ಮೊದಲು ಬಂದವನಿಗೆ ಮೊದಲು ಎಂಬ ಹಳೆಯ ನ್ಯಾಯ ಅಲ್ಲಿ ನಡೆಯುವುದಿಲ್ಲವೆಂದು ಬಾಗಿಲಿಗೆ ಒಂದು ಚೀಟಿ ಅಂಟಿಸಲು ಆ ಅಂಗಡಿಯವರಿಗೆ ಏನು ಕಷ್ಟವಿತ್ತು? ಎಷ್ಟು ಫೋನು ಉಳಿದಿವೆ, ಯಾವ ದರದವು ಎಂದು ಬರೆದಿದ್ದರೆ ನಾವು ಆರು ಗಂಟೆಗೇ ಚಹಾ ಕುಡಿದು ಊರಿಗೆ ಹೋಗುತ್ತಿದ್ದೆವು. ಬರೆಯುವುದಿಲ್ಲ. ಸಾಲು ಉದ್ದ ಇರಬೇಕು, ಪತ್ರಿಕೆಯವರು ಫೋಟೊ ತೆಗೆಯಬೇಕು.

ಇದೇ ಮುಂಗಾರಿನಲ್ಲಿ ಭಾವನವರು ಯೂರಿಯಾಕ್ಕೆ ಸಾಲು ನಿಂತಿದ್ದರು. ಕೊಪ್ಪಳ, ಗದಗ ಕಡೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಬೆಳೆ ಹಳದಿಯಾಗುತ್ತಿತ್ತು, ಎರಡು ಚೀಲಕ್ಕಾಗಿ ಎರಡು ದಿನ ಹೋಗಿ ಬಂದರು. ಅವರದು ತಪ್ಪಿಸಲಾಗದ ಸಾಲು. ಆ ಬೆಳೆಯ ದುಡ್ಡು ಹಿಡಿದು ನಾನು ತಪ್ಪಿಸಬಹುದಾದ ಸಾಲಿನಲ್ಲಿ ನಿಂತೆ.

ಪ್ರಸಾದ ನಿಲಯದ ಮಾತನ್ನೂ ಆಡಿಬಿಡುತ್ತೇನೆ, ಕೆಲವರಿಗೆ ಸಿಟ್ಟು ಬಂದರೂ ಬರಲಿ. ಆ ನಿಲಯಕ್ಕೆ ಜೋಳ, ಬೇಳೆ ಬರುವುದು ಭಾವನಂಥವರ ಹೊಲದಿಂದಲೇ, ಸುಗ್ಗಿಯಲ್ಲಿ ಚೀಲ ಕಟ್ಟಿ ಕಳಿಸುತ್ತಾರೆ. ಉಚಿತ ಊಟದ ಪಂಕ್ತಿಯಲ್ಲಿ ಲಕ್ಷ ರೂಪಾಯಿಯ ಫೋನನ್ನು ತಾಟಿನ ಪಕ್ಕ ಇಟ್ಟುಕೊಂಡು ಕೂತ ಹುಡುಗನನ್ನು ನೋಡಿ ಅವನ ಪಕ್ಕದವನು ಮನೆಗೆ ಫೋನು ಮಾಡುತ್ತಾನೆ. ನಮ್ಮ ಮನೆಯಲ್ಲಿಯೂ ಆದದ್ದು ಅದೇ; ಇವನ ಪಕ್ಕದವನ ಕೈಯಲ್ಲಿ ಮೊದಲು ಬಂದಿತ್ತು. ಹುಡುಗರನ್ನು ದೂರುವುದು ಸುಲಭ. "ಹೋಗಲಿ ಬಿಡು, ಕೊಡಸೋಣ" ಎಂದದ್ದು ಯಾರು? ನಾನೇ, ಅಕ್ಕನ ಎದುರಿಗೆ, ದೊಡ್ಡ ಮನುಷ್ಯನ ಧಾಟಿಯಲ್ಲಿ.

ಅದಿರಲಿ, ಆ ದಿನ ಕಾಯ್ದಿದ್ದರೆ ಏನಾಗುತ್ತಿತ್ತು? ಹೊಸದು ಬಂದ ಕೂಡಲೇ ಹಿಂದಿನ ಐಫೋನ್ 16ರ ದರ 79,900ರಿಂದ 69,900ಕ್ಕೆ ಇಳಿದಿತ್ತು. ಅದನ್ನು ಕೊಂಡಿದ್ದರೂ 15 ಸಾವಿರ ಒಳಜೇಬಿನಲ್ಲಿಯೇ ಉಳಿಯುತ್ತಿತ್ತು, ಸಾಲದ ಮಾತೇ ಇರುತ್ತಿರಲಿಲ್ಲ.

ಅಕ್ಕನಿಗೆ ಒಬ್ಬ ಮಗಳೂ ಇದ್ದಾಳೆ. ಬಿ.ಕಾಂ. ಕೊನೆಯ ವರ್ಷ. ಟ್ಯಾಲಿ ಕಲಿಯಲು ಹಳೆಯದಾದರೂ ಒಂದು ಲ್ಯಾಪ್‌ಟಾಪ್ ಕೊಡಿಸಿರಿ ಎಂದು ಒಂದು ವರ್ಷದಿಂದ ಕೇಳುತ್ತಿದ್ದಳು. ಅವಳಿಗಾಗಿ ಯಾವ ಮಾಮಾನೂ ಬೆಳಗಿನ ಐದೂವರೆಗೆ ಎಲ್ಲಿಯೂ ನಿಂತಿರಲಿಲ್ಲ. ಆ ಸಂಜೆ ಡಬ್ಬಿ ಬಿಚ್ಚುವಾಗ ಅವಳೂ ಬಂದು ನೋಡಿದಳು, "ಛಲೋ ಐತಿ" ಅಂದಳು, ಅಣ್ಣನ ಹಳೆಯ ಫೋನು ತನಗೆ ಕೊಡುತ್ತಾನೇನು ಎಂದು ಕೇಳಿದಳು.

ಹನ್ನೆರಡನೇ ಕಂತು ತುಂಬುವುದು ಬರುವ ಸೆಪ್ಟೆಂಬರಿನಲ್ಲಿ. ಕಂತನ್ನು ನಾನೇ ತುಂಬುತ್ತಿದ್ದೇನೆ, ಸಹಿ ಮಾಡಿದವನು ನಾನಲ್ಲವೇ. ಅಕ್ಕನಿಗೆ ಹೇಳಿಟ್ಟಿದ್ದೇನೆ: ಕಡಲೆಯ ದುಡ್ಡು ಬಂದಾಗ ಮೊದಲು ಹುಡುಗಿಯ ಲ್ಯಾಪ್‌ಟಾಪು. ಹುಬ್ಬಳ್ಳಿಗೆ ಅವಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ಮಧ್ಯಾಹ್ನ ಮೂರರ ಸುಮಾರಿಗೆ, ಅಂಗಡಿ ಖಾಲಿ ಇರುವ ಹೊತ್ತಿಗೆ.