ಆಲೆಮನೆಯ ಒಲೆ ಮತ್ತು ಇಂಜಿನಿಯರಿಂಗ್ ಪಠ್ಯ

ಹಲಗೂರು, ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಿಂದ ಇಂಜಿನಿಯರಿಂಗ್ ಓದಲು ಹೋಗುವ ಮಕ್ಕಳು ಈಗ ವಿರಳವೇನಲ್ಲ. ಮಂಡ್ಯದ ಪಿ.ಇ.ಎಸ್. ಕಾಲೇಜು 1962ರಲ್ಲಿ ಆರಂಭವಾದಂದಿನಿಂದ ಈ ಸೀಮೆಯ ರೈತರ ಮಕ್ಕಳಿಗೆ ಆ ಬಾಗಿಲು ಹತ್ತಿರವೇ ಇದೆ. ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದವರು ನೀರು-ಗಾಳಿಗಳ ಹರಿವನ್ನು ಕುರಿತ ಫ್ಲೂಯಿಡ್ ಮೆಕ್ಯಾನಿಕ್ಸ್ ಮತ್ತು ಶಾಖದ ವ್ಯವಹಾರವನ್ನು ಕುರಿತ ಥರ್ಮೋಡೈನಮಿಕ್ಸ್ ಎಂಬ ಎರಡು ವಿಷಯಗಳನ್ನು ದಾಟಲೇಬೇಕು. ಬಹುಪಾಲು ವಿದ್ಯಾರ್ಥಿಗಳಿಗೆ ಅವು ಸೂತ್ರಗಳ ಕಂತೆ. ಪರೀಕ್ಷೆ ಮುಗಿದ ಮರುದಿನ ಮರೆಯತಕ್ಕವು.

ಇದು ವಿಷಾದದ ಸಂಗತಿ. ಏಕೆಂದರೆ ಥರ್ಮೋಡೈನಮಿಕ್ಸ್ ಹುಟ್ಟಿದ್ದೇ ಉರಿಯುವ ಒಲೆಯ ಮುಂದೆ. ಉರಿಯ ಶಾಖದಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದು ಎಂಬ ಪ್ರಶ್ನೆಯನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಎತ್ತಿದ. ಅಂಥದೇ ಒಲೆ ಈ ವಿದ್ಯಾರ್ಥಿಗಳ ಊರಿನ ಆಲೆಮನೆಯಲ್ಲಿಯೂ ಉರಿಯುತ್ತಿದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಟನ್ ಕಬ್ಬಿನಿಂದ ಸುಮಾರು 600 ಕಿಲೋ ರಸ, ಆ ರಸದಿಂದ ಸುಮಾರು 100 ಕಿಲೋ ಬೆಲ್ಲ. ಉಳಿದ 500 ಕಿಲೋ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರು ಆವಿಯಾಗಲು 2257 ಕಿಲೋಜೂಲ್ ಗುಪ್ತೋಷ್ಣ ಬೇಕು. ರಸವನ್ನು ಕುದಿಗೆ ತರುವ ಶಾಖವೂ ಸೇರಿ ಒಟ್ಟು ಸುಮಾರು 1300 ಮೆಗಾಜೂಲ್. ಅದೇ ಕಬ್ಬಿನ ಸಿಪ್ಪೆ ಚೆನ್ನಾಗಿ ಒಣಗಿದರೆ 200 ಕಿಲೋದಷ್ಟಿದ್ದು, ಸುಮಾರು 3000 ಮೆಗಾಜೂಲ್ ಕೊಡಬಲ್ಲುದು. ಶಾಖದಲ್ಲಿ ಅರ್ಧದಷ್ಟು ರಸಕ್ಕೆ ತಲುಪಿದರೂ ಉರುವಲು ಮಿಗಬೇಕು!

ಆದರೆ ಮಿಗುವುದಿಲ್ಲ. ಹಸಿ ಸಿಪ್ಪೆಯ ತೂಕದಲ್ಲಿ ಅರ್ಧದಷ್ಟು ನೀರೇ. ಅರೆ ಒಣಗಿದ್ದನ್ನು ಒಲೆಗೆ ತುಂಬಿದರೆ ಆ ನೀರನ್ನು ಆವಿ ಮಾಡುವುದಕ್ಕೇ ಉರಿ ಸವೆಯುತ್ತದೆ. ಇನ್ನೊಂದು ದೊಡ್ಡ ಪಾಲು ಚಿಮಣಿಯ ಪಾಲು. ಹತ್ತು ಮೀಟರು ಎತ್ತರದ ಚಿಮಣಿಯಲ್ಲಿ 300 ಡಿಗ್ರಿಯ ಹೊಗೆಯಿದ್ದರೆ, ಹೊರಗಿನ ಗಾಳಿಗಿಂತ ಅದು ಹಗುರವಾದ್ದರಿಂದ ಹುಟ್ಟುವ ಸೆಳೆತ ಬರೀ 5 ಮಿಲಿಮೀಟರು ನೀರಿನ ಒತ್ತಡದಷ್ಟು. ಆ ಪುಟ್ಟ ಒತ್ತಡವೇ ಒಲೆಗೆ ಗಾಳಿ ಎಳೆಯುವುದು. ಒಲೆಯ ಬಾಯಿ ಅತಿಯಾಗಿ ತೆರೆದಿದ್ದರೆ ಬೇಡದ ಗಾಳಿಯೂ ನುಗ್ಗಿ, ಕಾದು, ಮೇಲೆ ಹೋಗುತ್ತದೆ; ಕಡಿಮೆಯಾದರೆ ಸಿಪ್ಪೆ ಅರೆಬರೆ ಉರಿದು ಕಪ್ಪು ಹೊಗೆ. ಎರಡೂ ವಿಷಯಗಳು ಇಲ್ಲಿ ಒಂದೇ ಲೆಕ್ಕವಾಗುತ್ತವೆ.

ಆಲೆಮನೆಯವರು ತಿಳಿಯದವರೆಂದು ಇದರ ಅರ್ಥವಲ್ಲ. ಪಾಕ 118 ಡಿಗ್ರಿಯ ಆಸುಪಾಸಿಗೆ ಬಂದುದನ್ನು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಹೇಳಬಲ್ಲವರಿಗೆ ಯಾವ ಪದವಿಯೂ ಬೇಕಿಲ್ಲ. ಅವರಿಗಿಲ್ಲದಿರುವುದು ಒಲೆಯನ್ನು ಕೆಡವಿ ಕಟ್ಟಿ ನೋಡುವಷ್ಟು ಬಿಡುವು, ಬಂಡವಾಳ. ಹೊಗೆಯ ದಾರಿಯಲ್ಲಿ ಎರಡನೆಯ, ಮೂರನೆಯ ಕೊಪ್ಪರಿಗೆಯಿಟ್ಟು ರಸವನ್ನು ಮೊದಲೇ ಬಿಸಿಮಾಡಿಕೊಳ್ಳುವ ಒಲೆಗಳು ಈಗಾಗಲೇ ದೇಶದ ಹಲವೆಡೆ ಇವೆ. ಇಲ್ಲಿನ ಒಲೆಗೆ ಅದನ್ನು ಹೊಂದಿಸಿಕೊಡುವವರು ಯಾರು?

ಸಿಪ್ಪೆ ಸಾಲದ ದಿನ ಒಲೆಗೆ ಬೀಳುವುದು ಸೌದೆ. ಕೆಲವೆಡೆ ಹಳೆಯ ಟೈರು, ಪ್ಲಾಸ್ಟಿಕ್. ಟೈರಿನ ಹೊಗೆ ಮೊದಲು ಸೇರುವುದು ಉರಿ ಹಾಕುವ ಕೂಲಿಯವನ ಎದೆಗೂಡನ್ನು. ಸೌದೆಯ ಮಾತಿಗೆ ಬಂದರೆ, ಹಲಗೂರಿನ ಆಚೆಗಿರುವುದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಕಾಡು. ಅಂಚಿನ ಹಳ್ಳಿಯವರಿಗೆ ದನ ಮೇಯಿಸಲು ಬಿಡಬಾರದೆನ್ನುವವರು ಒಲೆಯ ವಿನ್ಯಾಸದ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ವಿದ್ಯಾರ್ಥಿಗಳು ಪೇಟೆಯ ಅಂಗಡಿಯಿಂದ ಸಿದ್ಧ ಮಾದರಿ ಕೊಂಡು ತರುವುದು ಗುಟ್ಟೇನಲ್ಲ. ಅದರ ಬದಲು ಒಂದು ತಕ್ಕಡಿ, ಹೆಚ್ಚು ಶಾಖ ತಡೆಯುವ ಒಂದು ಉಷ್ಣತಾಮಾಪಕ ಹಿಡಿದು ತಮ್ಮೂರಿನ ಆಲೆಮನೆಯಲ್ಲಿ ಹತ್ತು ದಿನ ಕೂರುವ ಕೆಲಸಕ್ಕೆ ಕಾಲೇಜುಗಳು ಅಂಕ ಕೊಡಲಿ. ವರದಿಯ ಒಂದು ಪ್ರತಿ ಕನ್ನಡದಲ್ಲಿರಲಿ, ಅದು ಆಲೆಮನೆಯ ಯಜಮಾನನ ಕೈಗೂ ಉರಿ ಹಾಕುವವನ ಕೈಗೂ ತಲುಪಲಿ.