ಯಾರು ಕೆಡಿಸಿದ್ದು? ಎಲ್ಲಿ ನಿಂತಿದ್ದು?

ಮನೆಯಲ್ಲಿ ಏನಾದರೂ ಕೆಟ್ಟರೆ ನಾವೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾರು ಕೆಡಿಸಿದ್ದು?’ ಮಿಕ್ಸಿ ಇರಲಿ, ಸೈಕಲ್ ಇರಲಿ, ರಿಮೋಟ್ ಇರಲಿ, ಒಬ್ಬರು ಸಿಕ್ಕಿಬೀಳುವ ತನಕ ಯಾರಿಗೂ ಸಮಾಧಾನವಿಲ್ಲ. ಸಿಕ್ಕಿಬಿದ್ದ ಮೇಲೂ ಕೆಟ್ಟದ್ದು ಕೆಟ್ಟೇ ಇರುತ್ತದೆ!

ಕಳೆದ ರಜೆಯಲ್ಲಿ ಯಲಹಂಕದ ನಮ್ಮ ಮನೆಯಲ್ಲೂ ಇದೇ ಆಯಿತು. ನನ್ನ ಮಗ ಚಿಕ್ಕವನಿದ್ದಾಗ ನೆಂಟರೊಬ್ಬರು ವಿದೇಶದಿಂದ ತಂದುಕೊಟ್ಟಿದ್ದ ಆಟದ ರೈಲನ್ನು ಮೊಮ್ಮಕ್ಕಳು ಅಟ್ಟದಿಂದ ಇಳಿಸಿದ್ದರು. ಮೂರು ದಿನ ಚೆನ್ನಾಗಿ ಓಡಿತು. ನಾಲ್ಕನೇ ದಿನ ನಿಂತೇಹೋಯಿತು. ‘ಅಕ್ಕ ಗುಂಡಿ ಜೋರಾಗಿ ತಿರುಗಿಸಿದಳು, ಅದಕ್ಕೇ ಹೋಯ್ತು’ ಎಂದ ಎಂಟು ವರ್ಷದ ತಮ್ಮ. ಹನ್ನೊಂದು ವರ್ಷದ ಅಕ್ಕ ಬಾಯಿ ಬಿಡಲಿಲ್ಲ. ರಾತ್ರಿ ಊಟವನ್ನೂ ಅರ್ಧಕ್ಕೇ ಬಿಟ್ಟಳು. ಅಂಗಡಿಯಲ್ಲಿ ವಿಚಾರಿಸಿದರೆ, ‘ಇದೆಲ್ಲ ರಿಪೇರಿ ಆಗಲ್ಲ ಸಾರ್, ಹೊಸದು ತಗೊಳ್ಳಿ’ ಎಂದರು.

‘ಪುಟ್ಟಿ, ಯಾರು ಕೆಡಿಸಿದ್ದು ಅಂತ ಆಮೇಲೆ ನೋಡೋಣ. ಕರೆಂಟು ಎಲ್ಲಿ ನಿಂತಿದೆ ಅಂತ ಮೊದಲು ಹುಡುಕೋಣ, ಬಾ’ ಎಂದೆ.

ಹುಡುಕಬೇಕಾದರೆ ಕರೆಂಟು ಹೋಗುವ ದಾರಿ ಗೊತ್ತಿರಬೇಕಲ್ಲವೇ? ಗೋಡೆಯ ಸಾಕೆಟ್ಟಿನಲ್ಲಿ ಇರುವುದು 230 ವೋಲ್ಟ್ ಎ.ಸಿ. ಕಂಟ್ರೋಲರ್ ಡಬ್ಬಿಯೊಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು 15–16 ವೋಲ್ಟಿಗೆ ಇಳಿಸುತ್ತದೆ. ಒಂದೇ ದಿಕ್ಕಿಗೆ ಕರೆಂಟು ಬಿಡುವ ನಾಲ್ಕು ಡಯೋಡುಗಳು ಸೇರಿ ಅದನ್ನು ಡಿ.ಸಿ. ಮಾಡುತ್ತವೆ. ವೇಗದ ಗುಂಡಿ ತಿರುಗಿಸಿದಂತೆ ಸೊನ್ನೆಯಿಂದ ಸುಮಾರು 12 ವೋಲ್ಟಿನವರೆಗೆ ಹೊರಗೆ ಬರುತ್ತದೆ. ಹಿಂದೆ–ಮುಂದೆ ಸ್ವಿಚ್ಚು ಪ್ಲಸ್ಸು ಮೈನಸ್ಸುಗಳನ್ನು ಅದಲುಬದಲು ಮಾಡುತ್ತದೆ. ಅಲ್ಲಿಂದ ಎರಡು ವೈರು, ಎರಡು ಹಳಿ, ಎಂಜಿನ್ನಿನ ಗಾಲಿ, ಕೊನೆಗೆ ಮೋಟಾರು.

ದೊಡ್ಡ ರೈಲೂ ಇದಕ್ಕೆ ಬಹಳ ದೂರವಿಲ್ಲ. ಯಲಹಂಕ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಹಾದುಹೋಗುವ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲೇ ಟ್ರಾನ್ಸ್‌ಫಾರ್ಮರ್ ಕೂತು ಅದನ್ನು ಇಳಿಸುತ್ತದೆ. ವ್ಯಾಪ್-4ರಂತಹ ಹಳೆಯ ಎಂಜಿನ್ನುಗಳಲ್ಲಿ ನಮ್ಮ ಡಬ್ಬಿಯ ಹಾಗೆಯೇ ಎ.ಸಿ.ಯನ್ನು ಡಿ.ಸಿ. ಮಾಡಿ ಮೋಟಾರಿಗೆ ಕೊಡುತ್ತಾರೆ.

ಮೊದಲು ಹಳಿಯ ಮೇಲೆ ಕಣ್ಣಾಡಿಸಿದೆವು. ಪಿನ್ನೋ ಕ್ಲಿಪ್ಪೋ ಎರಡು ಹಳಿಗೂ ತಾಗುವಂತೆ ಬಿದ್ದಿದ್ದರೆ ಶಾರ್ಟ್ ಆಗಿ ಕಂಟ್ರೋಲರ್ ತಾನೇ ಕರೆಂಟು ಕಡಿದುಬಿಡುತ್ತದೆ. ‘ಹಾಗಾದರೆ ರೈಲಿನ ಗಾಲಿಯೂ ಎರಡು ಹಳಿಗೂ ತಾಗುತ್ತಲ್ಲ ತಾತ?’ ಎಂದಳು ಪುಟ್ಟಿ. ಒಳ್ಳೆಯ ಪ್ರಶ್ನೆ! ಆಟದ ರೈಲಿನಲ್ಲಿ ಎರಡು ಗಾಲಿಗಳ ನಡುವೆ ಕರೆಂಟು ದಾಟದಂತೆ ಪ್ಲಾಸ್ಟಿಕ್ ಇಟ್ಟಿರುತ್ತಾರೆ. ನಿಜವಾದ ರೈಲಿನಲ್ಲಿ ಹಾಗಿಲ್ಲ. ನಮ್ಮೂರಿನ ರೈಲು ಗಾಲಿ ಕಾರ್ಖಾನೆಯಲ್ಲಿ 1984ರಿಂದ ತಯಾರಾಗುತ್ತಿರುವ ಗಾಲಿಯೂ ಉಕ್ಕು, ಅಚ್ಚೂ ಉಕ್ಕು. ಇದನ್ನೇ ಸಿಗ್ನಲ್ಲಿನವರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಹಳಿಗಳಿಗೆ ಸಣ್ಣ ವೋಲ್ಟೇಜು ಕೊಟ್ಟಿರುತ್ತಾರೆ. ರೈಲು ಬಂದೊಡನೆ ಅದರ ಗಾಲಿ–ಅಚ್ಚು ಎರಡು ಹಳಿಗಳನ್ನೂ ಸೇರಿಸಿಬಿಡುತ್ತದೆ. ‘ಇಲ್ಲಿ ರೈಲಿದೆ’ ಎಂದು ಆಗ ತಿಳಿಯುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ.

ನಮ್ಮ ಹಳಿ ಚೊಕ್ಕಟವಾಗಿತ್ತು. ಕಂಟ್ರೋಲರ್ ವೈರು ಬಿಡಿಸಿ, 9 ವೋಲ್ಟಿನ ಚೌಕದ ಬ್ಯಾಟರಿಯ ಎರಡು ತುದಿಗಳನ್ನು ಎರಡು ಹಳಿಗೆ ಸೇರಿಸಿದೆವು. ರೈಲು ಗಡಗಡನೆ ಹೊರಟಿತು! ಅಲ್ಲಿಗೆ ಹಳಿ, ಎಂಜಿನ್ ಎರಡೂ ಸರಿ ಎಂದಾಯಿತು. ತೊಂದರೆ ಇರುವುದು ಡಬ್ಬಿಯಲ್ಲಿ.

ಡಬ್ಬಿ ಬಿಚ್ಚುವ ಮುಂಚೆ ಇಬ್ಬರಿಗೂ ಒಂದು ನಿಯಮ ಹೇಳಿದೆ. ಮುಚ್ಚಳ ತೆಗೆದಿದ್ದಾಗ ಪ್ಲಗ್ಗು ಗೋಡೆಯಲ್ಲಿರಬಾರದು; ಪ್ಲಗ್ಗು ಗೋಡೆಯಲ್ಲಿದ್ದಾಗ ಮುಚ್ಚಳ ತೆಗೆದಿರಬಾರದು. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನು ಕಿತ್ತು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೇ ಇಡಬೇಕು. ಅದನ್ನು ಕಾಯುವ ಕೆಲಸ ತಮ್ಮನಿಗೆ. ಹತ್ತು ನಿಮಿಷ ಬಿಟ್ಟು ನಾನೇ ಸ್ಕ್ರೂ ಬಿಚ್ಚಿದೆ. 230 ವೋಲ್ಟ್ ಬರುವ ವೈರು, ಟ್ರಾನ್ಸ್‌ಫಾರ್ಮರ್ ಇರುವ ಕಡೆಗೆ ಮಕ್ಕಳ ಕೈ ಹೋಗಕೂಡದು ಎಂದು ಬೆರಳಿಟ್ಟು ತೋರಿಸಿದೆ.

ಮಲ್ಟಿಮೀಟರಿನಲ್ಲಿ ‘ಬೀಪ್’ ಎನ್ನುವ ಒಂದು ಗುರುತಿದೆ. ಅದರ ಎರಡು ಕಡ್ಡಿಗಳ ನಡುವೆ ದಾರಿ ಸರಿಯಿದ್ದರೆ ಸದ್ದು ಮಾಡುತ್ತದೆ. ಪುಟ್ಟಿ ಹಳಿಗೆ ಹೋಗುವ ವೈರಿನ ತುದಿಯಿಂದ ಹಿಂದಕ್ಕೆ ಹುಡುಕುತ್ತ ಬಂದಳು. ಕೆಂಪು ವೈರು, ಸ್ವಿಚ್ಚಿನ ಕಾಲು: ಬೀಪ್. ಕಪ್ಪು ವೈರು, ಸ್ವಿಚ್ಚಿನ ಕಾಲು: ಸದ್ದೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದಳು. ಕಪ್ಪು ವೈರಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ಬಿರುಕು!

‘ಇದು ಗುಂಡಿಯ ಹತ್ತಿರವೇ ಇಲ್ಲ ತಾತ’ ಎಂದಳು ಮೆಲ್ಲಗೆ. ಹೌದು. ಆಟ ಮುಗಿದಾಗಲೆಲ್ಲ ವೈರನ್ನು ಡಬ್ಬಿಗೆ ಸುತ್ತಿಟ್ಟು, ಮತ್ತೆ ಬಿಡಿಸಿ, ವರ್ಷಗಟ್ಟಲೆ ಎಳೆದಾಡಿದ್ದರಿಂದ ಬೆಸುಗೆ ಸೋತಿತ್ತು. ಅದು ಬಿಟ್ಟುಕೊಂಡ ದಿನ ಯಾರ ಕೈ ಗುಂಡಿಯ ಮೇಲಿತ್ತೋ ಅವರ ಮೇಲೆ ತಪ್ಪು ಬಂತು. ತಮ್ಮನಿಗೂ ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿ, ‘ಅಕ್ಕ, ನೀನಲ್ಲ ಕಣೇ’ ಎಂದ. ಅಕ್ಕನ ಮುಖ ಅರಳಿತು.

ಸೋಲ್ಡರಿಂಗ್ ಐರನ್ ಹಿಡಿದದ್ದು ನಾನು. ತವರ–ಸೀಸದ ಬೆಸುಗೆ ಕರಗುವುದೇ ಸುಮಾರು 190 ಡಿಗ್ರಿಯಲ್ಲಿ, ಐರನ್ನಿನ ತುದಿ ಅದಕ್ಕಿಂತ ಎಷ್ಟೋ ಬಿಸಿ. ಕಿಟಕಿ ತೆರೆದಿಟ್ಟು ಬೆಸುಗೆ ಹಾಕಿ, ಕೈಗೆ ಸೀಸ ಅಂಟಿರುತ್ತದೆಂದು ಎಲ್ಲರೂ ಸೋಪು ಹಾಕಿ ತೊಳೆದುಕೊಂಡೆವು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಆಮೇಲೆಯೇ ಪ್ಲಗ್ಗು ಗೋಡೆಗೆ. ಗುಂಡಿ ತಿರುಗಿಸಿದಂತೆ ಮೀಟರು 3, 7, 12 ಎಂದು ಏರಿತು.

ಎಲ್ಲ ಡಬ್ಬಿಗೂ ಇಂಥ ಸುಲಭದ ಉತ್ತರ ಇರುವುದಿಲ್ಲ. ಸುಟ್ಟ ವಾಸನೆ ಬಂದರೆ, ಪ್ಲಗ್ಗಿನ ವೈರಿನ ಹೊದಿಕೆ ಸೀಳಿದ್ದರೆ, ಟ್ರಾನ್ಸ್‌ಫಾರ್ಮರ್ ಕಪ್ಪಾಗಿದ್ದರೆ ಅದನ್ನು ಮತ್ತೆ ಬಳಸಬೇಡಿ, ಬಲ್ಲವರ ಕೈಗೆ ಕೊಡಿ. ಮಕ್ಕಳೇ, ಗೋಡೆಗೆ ಚುಚ್ಚುವ ಯಾವುದನ್ನೂ ನೀವು ಒಬ್ಬರೇ ಬಿಚ್ಚಕೂಡದು.

ನಿಮಗೆಂದೇ ಈ ವಾರಕ್ಕೊಂದು ಕೆಲಸ. ಮನೆಯ ಮೂಲೆಯಲ್ಲಿ ಹತ್ತದೆ ಬಿದ್ದಿರುವ, ಸೆಲ್ ಹಾಕುವ ಟಾರ್ಚೊಂದು ಇರುತ್ತದೆ. ಅದನ್ನು ಅಪ್ಪ ಅಮ್ಮನ ಎದುರು ಬಿಚ್ಚಿ. ಸೆಲ್, ಸ್ಪ್ರಿಂಗ್, ಸ್ವಿಚ್ಚು, ಬಲ್ಬು, ಈ ನಾಲ್ಕರಲ್ಲಿ ಕರೆಂಟು ಎಲ್ಲಿ ನಿಂತಿದೆ, ಹುಡುಕಿ. ಯಾರು ಕೆಡಿಸಿದ್ದು ಎಂದು ಮಾತ್ರ ಕೇಳಬೇಡಿ!