ಮನೆಯ ಮಾತು: ಮಕ್ಕಳು ಪ್ರಬಂಧವನ್ನೋದುವ ಸಭೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಗೃಹಸ್ಥರ ಮನೆಗಳಲ್ಲಿ ಇತ್ತಿತ್ತಲಾಗಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಬಿ.ಎ. ಇಲ್ಲವೆ ಬಿ.ಎಸ್‌ಸಿ. ಓದುತ್ತಿರುವ ಮಗನೋ ಮಗಳೋ ಬಂದು, ಕಾಲೇಜಿನ ವಿಚಾರಸಂಕಿರಣದಲ್ಲಿ ತಾನೊಂದು ಸಂಶೋಧನ ಪ್ರಬಂಧವನ್ನೋದಬೇಕಾಗಿದೆಯೆಂದೂ, ಬೆಳಗಾವಿಗೋ ಧಾರವಾಡಕ್ಕೋ ಹೋಗಿಬರಲು ಹಣ ಬೇಕೆಂದೂ ಹೇಳುವುದು; "ಇನ್ನೂ ಪದವಿಯೇ ಕೈಗೆ ಬಂದಿಲ್ಲ, ಆಗಲೇ ಸಂಶೋಧನೆಯೇನು?" ಎಂದು ತಂದೆ ಕೇಳುವುದು. ಪ್ರಶ್ನೆಯೇನೋ ಸಹಜವಾದದ್ದೇ. ಆದರೂ ವಾಚಕರು ಹಣವನ್ನು ನಿರಾಕರಿಸುವ ಮುನ್ನ ನಮ್ಮ ಎರಡು ಮಾತುಗಳನ್ನು ಲಾಲಿಸಬೇಕು.

ನಾಲ್ಕು ವರ್ಷದ ಪದವಿ, ಕೊನೆಯ ವರ್ಷದಲ್ಲಿ ಸಂಶೋಧನೆ ಎಂಬ ಕ್ರಮವು ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದು, 2024ರಲ್ಲಿ ಹಿಂದೆಗೆಯಲ್ಪಟ್ಟಿತು. ಪದವಿ ಮರಳಿ ಮೂರು ವರ್ಷದ್ದಾಯಿತು. ಆದಕಾರಣ ಈಗ ವಿದ್ಯಾರ್ಥಿಗೆ, "ಇದು ನಿನಗೆ ಹೇಗೆ ತಿಳಿಯಿತು?" ಎಂದು ನಾಲ್ವರು ಅಪರಿಚಿತರು ಕೇಳುವ ಪ್ರಸಂಗವು ಇಂಥ ಸಭೆಯಲ್ಲಲ್ಲದೆ ಬೇರೆಲ್ಲಿಯೂ ಒದಗುವುದು ವಿರಳ. ಗೈಡುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವನಿಗೆ ಈ ಪ್ರಶ್ನೆ ಎಂದೂ ಎದುರಾಗದು.

ಮತ್ತು ನಮ್ಮ ಈ ಸೀಮೆಯೇನು ಸಾಮಾನ್ಯವಾದುದೆ? ಸವದತ್ತಿಯು ಸುಗಂಧವರ್ತಿಯೆನಿಸಿ ರಟ್ಟರ ರಾಜಧಾನಿಯಾಗಿದ್ದಿತು. ಅಲ್ಲಿಯ ರಟ್ಟ ಶಾಸನಗಳನ್ನು ಓದಿ ಮುಂಬಯಿಯ ಏಷಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದವನು, ಸುಮಾರು 150 ವರ್ಷಗಳ ಹಿಂದೆ, ಫ್ಲೀಟನೆಂಬ ಆಂಗ್ಲ ಅಧಿಕಾರಿ. ಕಡಲಾಚೆಯಿಂದ ಬಂದವನು ನಮ್ಮ ಲಿಪಿಯನ್ನು ಕಲಿತು ಅಷ್ಟು ಶ್ರಮಪಟ್ಟನು. ಆ ಊರಿನ ಹುಡುಗಿಯೇ ಇಂದು ತನ್ನ ಗುಡಿಯ ಕಲ್ಲಿನ ಮುಂದೆ ಕುಳಿತು ನಾಲ್ಕು ಸಾಲು ಓದಲು ಯತ್ನಿಸಿದರೆ ಅದನ್ನು ಕಾಲಹರಣವೆನ್ನಬಹುದೆ?

ಇನ್ನೊಂದನ್ನು ನೋಡಿರಿ. ಕಿತ್ತೂರಿನ ಕದನವು 1824ನೆಯ ಅಕ್ಟೋಬರ 23ರಂದು ನಡೆದು ಥ್ಯಾಕರೆ ಮಡಿದನೆಂಬುದನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ಬಲ್ಲರು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳೆಂದೂ ಬಲ್ಲೆವು. ಆಕೆಯ ಸಮಾಧಿ ಅಲ್ಲಿಯೇ ಇದೆ. ಆದರೆ ತಿಥಿಯನ್ನು ಕೆಲವರು 2 ಎಂದು ಬರೆದರೆ ಮತ್ತೆ ಕೆಲವರು 21 ಎಂದು ಬರೆಯುತ್ತಾರೆ. ಯಾವ ಪುಸ್ತಕವು ಯಾವುದನ್ನು ನೋಡಿ ಬರೆಯಿತು, ಮೊದಲು ಬರೆದವರಾರು, ಅವರ ಕೈಯಲ್ಲಿ ಯಾವ ದಫ್ತರವಿತ್ತು? ಇಷ್ಟನ್ನೇ ಬೆನ್ನುಹತ್ತಿ ಹೋದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಇತಿಹಾಸವೆಂದರೇನೆಂಬುದು ತಿಳಿಯುವುದು. "ಚೆನ್ನಮ್ಮನ ಶೌರ್ಯ" ಎಂಬ ತಲೆಬರಹದಡಿ ಹತ್ತು ಪುಟ ವಿಶೇಷಣಗಳನ್ನು ತುಂಬುವುದಕ್ಕಿಂತ ಇದು ನೂರುಪಾಲು ಲೇಸು.

ವಿಜ್ಞಾನದ ಮಕ್ಕಳಿಗೂ ಕೆಲಸಕ್ಕೆ ಕೊರತೆಯಿಲ್ಲ. 2019ರ ಅಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆದಂಡೆಯ ಊರುಗಳನ್ನು ಹೊಕ್ಕಳು. ನೀರು ಎಲ್ಲಿಯವರೆಗೆ ಏರಿತೆಂಬುದನ್ನು ಹಿರಿಯರಿಂದ ಕೇಳಿ, ಮನೆಮನೆಯ ಗೋಡೆಯನ್ನು ಅಳೆದು ಪಟ್ಟಿ ಮಾಡಲು ಬೇಕಾದುದು ಒಂದು ಟೇಪು, ಒಂದು ವಹಿ. ರಾಮದುರ್ಗದ ನೇಕಾರರ ಮನೆಯ ಹುಡುಗನಿಗಂತೂ ಕುಣಿಮಗ್ಗವೇ ಪ್ರಯೋಗಶಾಲೆ. ಹಾಸು ಹೊಕ್ಕುಗಳ ಲೆಕ್ಕದಲ್ಲಿ ಎಷ್ಟು ಗಣಿತ ಅಡಗಿದೆಯೆಂಬುದನ್ನು ಅವನ ಅಜ್ಜಿ ಬಲ್ಲಳು, ಪ್ರೊಫೆಸರರು ಅರಿಯರು.

ಈ ಸಭೆಗಳಲ್ಲಿ ದೋಷವಿಲ್ಲವೆಂದು ನಾವೆನ್ನೆವು. ಪ್ರಮಾಣಪತ್ರಕ್ಕಾಗಿಯೇ ಹೋಗುವವರುಂಟು. ಶುಲ್ಕ ತೆಗೆದುಕೊಂಡು, ಐದು ನಿಮಿಷದಲ್ಲಿ ಓದಿಸಿ, ಪ್ರಶ್ನೆಯೊಂದನ್ನೂ ಕೇಳದೆ ಕಳುಹಿಸುವ ಸಭೆಗಳುಂಟು. ಎಲ್ಲಿಂದಲೋ ಇಳಿಸಿಕೊಂಡುದನ್ನು, ಈಗೀಗ ಯಂತ್ರವೇ ಬರೆದುಕೊಟ್ಟುದನ್ನು ಕೂಡ, ಸ್ವಂತದ್ದೆಂದು ಓದುವವರಿಗೂ ಕೊರತೆಯಿಲ್ಲ. ಇದಕ್ಕೆ ಮನೆಯಲ್ಲಿಯೇ ಒಂದು ಪರೀಕ್ಷೆಯಿದೆ. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಮಗನನ್ನು ಕೂಡ್ರಿಸಿ, ಕಾಗದ ನೋಡದೆ, ಮನೆಮಾತಿನಲ್ಲಿ ವಿಷಯವನ್ನು ತಾಯಿಗೆ ಹೇಳೆಂದು ಅನ್ನಿರಿ. ತಾನೇ ಮಾಡಿದ ಕೆಲಸವಾದರೆ ಹೇಳುತ್ತಾನೆ. ಇಲ್ಲವಾದರೆ ಇಂಗ್ಲಿಷ್ ಶಬ್ದಗಳ ಮರೆಗೆ ಸರಿಯುತ್ತಾನೆ. ತಾಯಿ ಹೆಚ್ಚು ಓದಿರಬೇಕಾದುದಿಲ್ಲ, "ಇದನ್ನು ನಿನಗೆ ಹೇಳಿದವರಾರು?" ಎಂದು ಆಕೆ ಕೇಳಿದರೆ ಸಾಕು.

ಮಗಳ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಗೃಹಸ್ಥರು ಹಣಕ್ಕಿಂತ ಹೆಚ್ಚಾಗಿ ಪ್ರಯಾಣಕ್ಕೆ ಅಂಜುತ್ತಾರೆ. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಚೆನ್ನಮ್ಮನ ಹೆಸರಿಟ್ಟು ಅಭಿಮಾನಪಡುವ ನಾವೇ, ಅಲ್ಲಿಗೆ ಒಂದು ದಿನದ ಮಟ್ಟಿಗೆ ಹೆಣ್ಣುಮಗಳನ್ನು ಕಳುಹಿಸಲು ಹಿಂದುಮುಂದು ನೋಡುವುದು ಸೋಜಿಗವೇ ಸರಿ. ಅಂಜಿಕೆಯಿದ್ದರೆ ಜೊತೆಯಲ್ಲಿ ಹೋಗಿರಿ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿರಿ. ಮಗಳು ನಡುಗುವ ದನಿಯಲ್ಲಿ ಮೊದಲಿಟ್ಟು, ಮೂರನೆಯ ನಿಮಿಷಕ್ಕೆ ತನ್ನ ಊರಿನ ಹೆಸರು ಬಂದೊಡನೆ ನೆಟ್ಟಗೆ ನಿಲ್ಲುವುದನ್ನು ಕಾಣುವ ಯೋಗ ಎಷ್ಟು ಮಂದಿ ತಂದೆಗಳಿಗಿದೆ?

ಕಡೆಗೆ ಒಂದು ವಿನಂತಿ. ಮಾಳಿಗೆಯ ಮೇಲೆ ಅಜ್ಜಂದಿರ ಕಾಲದ ಕೀರ್ದಿ, ಖಾತೆ, ಬೈಲಹೊಂಗಲದ ಅರಳೆ ಪೇಟೆಯ ಪಟ್ಟಿಗಳು, ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವುದಕ್ಕೆ ಮುಂಚಿನ ಕಾಗದಗಳು ಇದ್ದರೆ, ದಸರೆಯ ಸಾರಣೆಯ ಹೊತ್ತಿಗೆ ಅವುಗಳನ್ನು ರದ್ದಿಯವನಿಗೆ ತೂಗಿ ಕೊಡಬೇಡಿರಿ. ಮೊದಲು ಕಾಲೇಜಿಗೆ ಹೋಗುವ ಹುಡುಗನಿಗೆ ತೋರಿಸಿರಿ. ಹುಳು ಹಿಡಿಯದಂತೆ ಬೇವಿನೆಲೆಯಿಟ್ಟು, ಒಣಬಟ್ಟೆಯಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಇರಿಸಿರಿ.